ಗ್ರಾಫಿಕ್ಸ್ ಕಾರ್ಡು ಕೊಡುವ ಹಿಂಬರಹ

ಓವರ್‌ಕ್ಲಾಕಿಂಗ್, ಎಂದರೆ ಗ್ರಾಫಿಕ್ಸ್ ಕಾರ್ಡನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವ ವಿಷಯಕ್ಕೆ ನನ್ನ ಬಳಿ ಬರುವವರ ದೂರು ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಾರ್ಡಿನ ವೇಗ ತಿದ್ದುವ ಆಫ್ಟರ್‌ಬರ್ನರ್ ತಂತ್ರಾಂಶ ತೆರೆದೆ, ಕೋರ್ ಕ್ಲಾಕಿಗೆ (ಮುಖ್ಯ ಚಿಪ್ಪಿನ ವೇಗಕ್ಕೆ) 150 ಮೆಗಾಹರ್ಟ್ಸ್ ಸೇರಿಸಿದೆ, ಅಪ್ಲೈ ಒತ್ತಿದೆ, ಅಂಕಿ ಕದಲಲೇ ಇಲ್ಲ. ಇಲ್ಲವೇ ಒಂದು ಗಳಿಗೆ ಏರಿ ಮತ್ತೆ ಹಳೆಯ ಜಾಗಕ್ಕೇ ಬಂದು ನಿಂತಿತು. ಇದಾದ ಮೇಲೆ ಅವರು ಮಾಡುವ ಕೆಲಸವೂ ಒಂದೇ. 150 ಸಾಲದು ಎಂದುಕೊಂಡು 200 ಇಡುತ್ತಾರೆ, 250 ಇಡುತ್ತಾರೆ, ಯಾವುದೋ ಹೊತ್ತಿನಲ್ಲಿ ಪರದೆ ಕಪ್ಪಾಗಿ ಕಂಪ್ಯೂಟರ್ ಕೈಕೊಡುತ್ತದೆ. ಕಾರ್ಡೇ ಸರಿಯಿಲ್ಲ ಎಂದು ತೀರ್ಮಾನಿಸುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಾನು ಏಕೆ ಏರಲಿಲ್ಲ ಎಂಬುದನ್ನು ಕಾರ್ಡು ಅಷ್ಟೂ ಹೊತ್ತು ಹೇಳುತ್ತಲೇ ಇರುತ್ತದೆ. ಅದನ್ನು ತೋರಿಸುವ ಸಾಲು ಬೇರೊಂದು ತಂತ್ರಾಂಶದಲ್ಲಿದೆ, ಅಷ್ಟೆ.

ನಾನಿರುವುದು ಕಲಬುರಗಿಯಲ್ಲಿ. ಮನೆ ಕಟ್ಟಿಸುವವರಿಗೂ ಅವರ ಎಂಜಿನಿಯರುಗಳಿಗೂ ಎಲಿವೇಷನ್ ಚಿತ್ರ ಮಾಡಿಕೊಡುವುದು ನನ್ನ ಕಸುಬು. ಮುಂಭಾಗಕ್ಕೆ ಯಾವ ಟೈಲ್ಸ್, ಕಾಂಪೌಂಡಿಗೆ ಯಾವ ಗೇಟು, ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದರೆ ಬೆಳಗಿನ ಬಿಸಿಲಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನೆಲ್ಲ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಕಟ್ಟಿ, ಅದರ ಸೈಕಲ್ಸ್ ಎಂಜಿನ್ನಿನಲ್ಲಿ ರೆಂಡರ್ ಮಾಡಿ (ಬೆಳಕು ನೆರಳಿನ ಲೆಕ್ಕ ಹಾಕಿಸಿ ಚಿತ್ರವಾಗಿಸಿ) ತೋರಿಸುತ್ತೇನೆ. ಆ ಕೆಲಸ ಹೊರುವುದು ಒಂದು ಆರ್‌ಟಿಎಕ್ಸ್ 2060. 2019ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಕಾರ್ಡು. 1920 ‘ಕೂಡಾ’ (CUDA) ಕೋರ್‌ಗಳು, ಎಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು, 6 ಜಿಬಿ ಮೆಮೊರಿ, 160 ವ್ಯಾಟ್ ವಿದ್ಯುತ್ ಮಿತಿ. ಗಿರಾಕಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, “ಸರ್, ಆ ಕಂಬದ ಬಣ್ಣ ಸ್ವಲ್ಪ ತಿಳಿ ಮಾಡಿ ತೋರಿಸಿ” ಎಂದಾಗ ಉಳಿಯುವ ಒಂದೊಂದು ಸೆಕೆಂಡಿಗೂ ಬೆಲೆಯಿದೆ. ಆಟ ಆಡುವವರಿಗೆ ಓವರ್‌ಕ್ಲಾಕಿಂಗ್ ಹವ್ಯಾಸ ಇರಬಹುದು; ನನಗೆ ಅದು ದುಡಿಮೆಯ ಸಾಧನವನ್ನು ಹದವಾಗಿಟ್ಟುಕೊಳ್ಳುವ ಕೆಲಸ.

ಮೊದಲು ಒಂದು ಹಳೆಯ ಸಂಗತಿ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. 2012ಕ್ಕೆ ಮುಂಚಿನ ಕಾರ್ಡುಗಳಲ್ಲಿ ಭಾರದ ಕೆಲಸ ಶುರುವಾದರೆ ಒಂದು ನಿಶ್ಚಿತ ವೇಗವಿರುತ್ತಿತ್ತು. ನೀವು 700ರ ಜಾಗದಲ್ಲಿ 760 ಎಂದು ಬರೆದರೆ ಅದು 760ರಲ್ಲೇ ಓಡುತ್ತಿತ್ತು, ಇಲ್ಲವೇ ಕೆಟ್ಟು ನಿಲ್ಲುತ್ತಿತ್ತು. 2012ರ ಮಾರ್ಚಿನಲ್ಲಿ ಜಿಟಿಎಕ್ಸ್ 680 ಜೊತೆಗೆ ಎನ್‌ವಿಡಿಯಾ ಕಂಪನಿ ಜಿಪಿಯು ಬೂಸ್ಟ್ ಎಂಬ ವ್ಯವಸ್ಥೆ ತಂದಿತು (ಜಿಪಿಯು ಎಂದರೆ ಕಾರ್ಡಿನ ಮುಖ್ಯ ಚಿಪ್ಪು). ಅಲ್ಲಿಂದೀಚೆಗೆ ವೇಗವನ್ನು ಗಳಿಗೆ ಗಳಿಗೆಗೂ ನಿರ್ಧರಿಸುವುದು ಕಾರ್ಡಿನೊಳಗಿನ ನಿಯಂತ್ರಣ. 2016ರಲ್ಲಿ ಜಿಟಿಎಕ್ಸ್ 1080 ಬಂದಾಗ ಬೂಸ್ಟಿನ ಮೂರನೆಯ ಆವೃತ್ತಿಯೂ ಬಂತು. ಆಗಿನಿಂದ ಪ್ರತಿಯೊಂದು ವೋಲ್ಟೇಜಿಗೂ ಒಂದೊಂದು ವೇಗ ಎಂದು ಗುರುತಿಸಿದ ಒಂದು ಗೆರೆಯೇ ನಮ್ಮ ಕೈಗೆ ಸಿಗುತ್ತಿದೆ. ಸ್ಲೈಡರಿನಲ್ಲಿ 150 ಸೇರಿಸಿದರೆ ಆ ಇಡೀ ಗೆರೆ 150 ಮೆಗಾಹರ್ಟ್ಸ್ ಮೇಲೇಳುತ್ತದೆ. ಆದರೆ ಗೆರೆಯ ಯಾವ ಬಿಂದುವಿನ ಮೇಲೆ ಕಾರ್ಡು ನಿಲ್ಲಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಅದನ್ನು ವಿದ್ಯುತ್ತು, ತಾಪ, ವೋಲ್ಟೇಜು, ಕೆಲಸದ ಭಾರ ಸೇರಿ ತೀರ್ಮಾನಿಸುತ್ತವೆ.

ಎಂದರೆ ನಾವು ಸ್ಲೈಡರ್ ಎಳೆದಾಗ ಸಲ್ಲಿಸುವುದು ಅರ್ಜಿ. ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ತಿರಸ್ಕಾರವಾದರೆ ಕಾರಣ ಬರೆದ ಹಿಂಬರಹ ಕೈಗೆ ಬರುತ್ತದಲ್ಲವೇ, ಇಲ್ಲಿಯೂ ಹಾಗೆಯೇ. ಹಿಂಬರಹ ಓದದೆ ಅದೇ ಅರ್ಜಿಯನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟರೆ ಕೆಲಸ ಆಗುವುದಿಲ್ಲ.

ಅದನ್ನು ಓದುವ ಜಾಗ ಜಿಪಿಯು-ಝಡ್ ಎಂಬ ಪುಟ್ಟ ಉಚಿತ ತಂತ್ರಾಂಶ. ಅದರ ಸೆನ್ಸರ್ಸ್ ಪುಟದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿದೆ. ಬಣ್ಣದ ಪಟ್ಟಿಯಾಗಿ ಹರಿಯುತ್ತಿರುತ್ತದೆ. ಮೇಲೆ ಮೌಸ್ ಇಟ್ಟರೆ ಕಾರಣ ಕಾಣುತ್ತದೆ. ‘ಪಿಡಬ್ಲ್ಯೂಆರ್’ ಎಂದಿದ್ದರೆ ವಿದ್ಯುತ್ ಮಿತಿ ಮುಟ್ಟಿದೆ. ‘ವಿರೆಲ್’ ಎಂದಿದ್ದರೆ ಸುರಕ್ಷಿತವೆಂದು ನಿಗದಿಯಾದ ವೋಲ್ಟೇಜಿನ ತುದಿ ಮುಟ್ಟಿದೆ. ‘ಥರ್ಮ್’ ಎಂದರೆ ತಾಪ. ‘ಯುಟಿಲ್’ ಅಥವಾ ‘ಐಡಲ್’ ಎಂದರೆ ಏರುವಷ್ಟು ಕೆಲಸವನ್ನೇ ನೀವು ಕೊಟ್ಟಿಲ್ಲ. ಬೇರೆ ತಂತ್ರಾಂಶ ಹಾಕಿಕೊಳ್ಳಲು ಇಷ್ಟವಿಲ್ಲದವರಿಗೆ ಡ್ರೈವರಿನ (ಕಾರ್ಡನ್ನು ನಡೆಸುವ ತಂತ್ರಾಂಶದ) ಜೊತೆಗೇ ಬರುವ ಎನ್‌ವಿಡಿಯಾ-ಎಸ್‌ಎಂಐ ಎಂಬ ಕಮ್ಯಾಂಡ್ ಇದೆ. ಅದರ ಪೂರ್ಣ ವರದಿಯಲ್ಲೂ ಕ್ಲಾಕ್ ತಗ್ಗಿದ ಕಾರಣಗಳ ಪಟ್ಟಿ ಸಿಗುತ್ತದೆ.

ಕೊನೆಯ ಕಾರಣವನ್ನು ಮೊದಲೇ ಮುಗಿಸುತ್ತೇನೆ. ಡೆಸ್ಕ್‌ಟಾಪ್ ನೋಡುತ್ತಾ ಕೂತಾಗ ಕಾರ್ಡು ವಿದ್ಯುತ್ ಉಳಿಸಲು 300 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿದಿರುತ್ತದೆ. ಆಗ ಏನು ಸೇರಿಸಿದರೂ ಕಣ್ಣಿಗೆ ಕಾಣುವುದಿಲ್ಲ. ಆಟದಲ್ಲಿ ವಿ-ಸಿಂಕ್ ಹಾಕಿ ಸೆಕೆಂಡಿಗೆ 60 ಫ್ರೇಮಿಗೆ ಕಟ್ಟಿಹಾಕಿದ್ದರೂ ಇದೇ ಕಥೆ. ಅರ್ಧ ಶಕ್ತಿಯಲ್ಲೇ ಕೆಲಸ ಮುಗಿಯುತ್ತಿರುವಾಗ ಅದು ತುದಿಗೆ ಏಕೆ ಹೋಗಬೇಕು? ಭಾರ ಕೊಟ್ಟು ಆಮೇಲೆ ಅಂಕಿ ನೋಡಿ.

ಇನ್ನು ವಿದ್ಯುತ್ ಮಿತಿ. ನನ್ನ ಕೆಲಸದಲ್ಲಿ ಹೆಚ್ಚು ಬರುವ ಹಿಂಬರಹ ಇದೇ. ಸೈಕಲ್ಸ್ ರೆಂಡರ್ ನಡೆಯುವಾಗ ಕಾರ್ಡು 160 ವ್ಯಾಟನ್ನು ಬಹುಬೇಗ ಮುಟ್ಟುತ್ತದೆ. 120 ಸೇರಿಸಿದರೆ ಗೆರೆ ಮೇಲೇಳುವುದು ನಿಜ, ಆದರೆ ವೇಗ ಹೆಚ್ಚಿದಂತೆ ವಿದ್ಯುತ್ತೂ ಹೆಚ್ಚು ಬೇಕು. ಮಿತಿ ಮೀರಬಾರದೆಂದು ಕಾರ್ಡು ಅದೇ ಗೆರೆಯ ಮೇಲೆ ಕೆಳಗಿನ ವೋಲ್ಟೇಜಿಗೆ ಜಾರುತ್ತದೆ. ಕೊನೆಗೆ ಸಿಗುವುದು 120 ಅಲ್ಲ, ಅದರ ಅರ್ಧ. “ಅರ್ಧ ಮಾತ್ರ ಹಿಡಿಯಿತು” ಎಂದು ಹೇಳುವವರಿಗೆಲ್ಲ ಆಗಿರುವುದು ಇದು. ಸೆಟಿಂಗ್ ಹಿಡಿದಿದೆ, ಅದರ ಪಾಲಿನ ವಿದ್ಯುತ್ತು ಸಿಕ್ಕಿಲ್ಲ. ಆಗ ಎಳೆಯಬೇಕಾದದ್ದು ಪವರ್ ಲಿಮಿಟ್ ಸ್ಲೈಡರ್. ಅದು ಎಷ್ಟರವರೆಗೆ ಹೋಗುತ್ತದೆ ಎಂಬುದನ್ನು ಕಾರ್ಡು ತಯಾರಿಸಿದವರು ಬಯಾಸ್‌ನಲ್ಲಿ (ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶದಲ್ಲಿ) ಬರೆದಿರುತ್ತಾರೆ. ಕೆಲವು ಕಾರ್ಡುಗಳಲ್ಲಿ ಶೇಕಡಾ ನೂರರ ಮೇಲೆ ಒಂದು ಹೆಜ್ಜೆಯೂ ಇಡಲು ಬಿಡುವುದಿಲ್ಲ. ನನ್ನದರಲ್ಲಿ ಸ್ವಲ್ಪ ಬಿಡುತ್ತದೆ. ಆದರೂ ನಾನು ಆ ದಾರಿ ಬಿಟ್ಟು ಬೇರೆಯದನ್ನು ಹಿಡಿದಿದ್ದೇನೆ, ಅದನ್ನು ಬಿಸಿಲಿನ ಮಾತು ಬಂದಾಗ ಹೇಳುತ್ತೇನೆ.

ಈಗ ಮೆಮೊರಿ. ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸುವ ಪ್ರಸಂಗ ಇದು. ನನ್ನಂತೆ ರೆಂಡರ್ ಮಾಡುವವರಿಗೆ ಖಂಡಿತ ಎದುರಾಗುತ್ತದೆ, ಬರೀ ಆಟ ಆಡುವವರಿಗೆ ಎದುರಾಗುವುದೇ ಇಲ್ಲ. ಆಫ್ಟರ್‌ಬರ್ನರ್‌ನಲ್ಲಿ 2060ರ ಮೆಮೊರಿ ಕ್ಲಾಕು 7001 ಎಂದು ಕಾಣುತ್ತದೆ. 400 ಸೇರಿಸಿ ಆಟ ಹಚ್ಚಿದರೆ 7401. ಅದೇ ಸೆಟಿಂಗಿನಲ್ಲಿ ಬ್ಲೆಂಡರ್ ತೆರೆದು ರೆಂಡರ್ ಕೊಟ್ಟರೆ 7201ರಲ್ಲಿ ನಿಲ್ಲುತ್ತದೆ. ಏನೂ ಸೇರಿಸದೆ ರೆಂಡರ್ ಕೊಟ್ಟರೆ 7001 ಕೂಡ ಬರುವುದಿಲ್ಲ, 6801.

ಕಾರಣ ‘ಪಿ-ಸ್ಟೇಟ್’ ಎಂಬ ಹಂತಗಳು. ಆಟಕ್ಕೆ ಕಾರ್ಡು ಪಿ0 ಎಂಬ ಮೇಲಿನ ಹಂತಕ್ಕೆ ಹೋಗುತ್ತದೆ. ‘ಕೂಡಾ’ ಕೋರ್‌ಗಳನ್ನು ಬಳಸಿ ಲೆಕ್ಕ ಮಾಡುವ ರೆಂಡರ್‌ನಂಥ ಕೆಲಸ ಬಂದರೆ ಡ್ರೈವರ್ ಅದನ್ನು ಪಿ2ರಲ್ಲೇ ಹಿಡಿದಿಡುತ್ತದೆ. ಅಲ್ಲಿ ಮೆಮೊರಿಯ ವೇಗ ಒಂದು ಮೆಟ್ಟಿಲು ಕಡಿಮೆ. ಆಟದಲ್ಲಿ ಒಂದು ಚುಕ್ಕೆ ತಪ್ಪು ಬಣ್ಣಕ್ಕೆ ತಿರುಗಿದರೆ ಯಾರಿಗೂ ನಷ್ಟವಿಲ್ಲ, ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಫಲಿತಾಂಶ ಕೆಡುತ್ತದೆ. ಅದಕ್ಕಾಗಿ ಈ ಎಚ್ಚರಿಕೆ ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ತಿಳಿದಿದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಯಾವ ಹಂತದಲ್ಲಿದೆ ಎಂದು ನೋಡಲು ಎನ್‌ವಿಡಿಯಾ-ಎಸ್‌ಎಂಐ ಓಡಿಸಿದರೆ ಸಾಕು. ಫ್ಯಾನು ಮತ್ತು ತಾಪದ ಪಕ್ಕದ ಅಂಕಣದಲ್ಲೇ ಪಿ0, ಪಿ2, ಪಿ8 ಎಂದು ಬರೆದಿರುತ್ತದೆ.

ಇದನ್ನು ಬಿಡಿಸುವ ದಾರಿ ಇದೆ. ಎನ್‌ವಿಡಿಯಾ ಪ್ರೊಫೈಲ್ ಇನ್‌ಸ್ಪೆಕ್ಟರ್ ಎಂಬ ಮೂರನೆಯವರ ತಂತ್ರಾಂಶದಲ್ಲಿ ‘ಕೂಡಾ ಫೋರ್ಸ್ ಪಿ2 ಸ್ಟೇಟ್’ ಎಂಬ ಸಾಲನ್ನು ಆಫ್ ಮಾಡಿದರೆ ರೆಂಡರ್ ಕೂಡ ಪಿ0ರಲ್ಲೇ ಓಡುತ್ತದೆ. ಆದರೆ ಇಲ್ಲಿ ಒಂದು ಹಳ್ಳವಿದೆ. ಪಿ2ರಲ್ಲಿ ಕಡಿಮೆಯಾದದ್ದನ್ನು ತುಂಬಲೆಂದು ಕೆಲವರು ಮೆಮೊರಿಗೆ 800, 1000 ಸೇರಿಸಿಟ್ಟಿರುತ್ತಾರೆ. ರೆಂಡರ್ ನಡೆಯುವಾಗ ಎಲ್ಲ ಸರಿಯಾಗಿರುತ್ತದೆ. ರೆಂಡರ್ ಮುಗಿದು ಬೇರೆ ಏನೋ ತೆರೆದ ಗಳಿಗೆಯಲ್ಲಿ ಕಾರ್ಡು ಪಿ0ಕ್ಕೆ ಏರುತ್ತದೆ, ಸೇರಿಸಿದ್ದು ಪೂರ್ತಿಯಾಗಿ ಮೈಮೇಲೆ ಬಂದು ಕುಸಿಯುತ್ತದೆ. ಭಾರದಲ್ಲಿ ನಿಂತ ಕಾರ್ಡು ಭಾರ ಇಳಿದ ಮೇಲೆ ಬಿದ್ದರೆ ಕಾರಣವನ್ನು ಇಲ್ಲೇ ಹುಡುಕಬೇಕು. ಪಿ2 ಬಿಡಿಸಿದವರೂ ಸೇರಿಸಿದ್ದನ್ನು ಮೊದಲು ಸೊನ್ನೆಗೆ ತಂದು ಅಲ್ಲಿಂದ ಏರಿಸಿಕೊಂಡು ಬರಬೇಕು.

ಅಂಕಿಗಳ ಬಗ್ಗೆಯೇ ಇನ್ನೆರಡು ಮಾತು. ಅದೇ ಮೆಮೊರಿಯನ್ನು ಜಿಪಿಯು-ಝಡ್ 1750 ಎಂದು ತೋರಿಸುತ್ತದೆ, ಕಾರ್ಡಿನ ಪೆಟ್ಟಿಗೆಯ ಮೇಲೆ 14 ಜಿಬಿಪಿಎಸ್ ಎಂದು ಬರೆದಿರುತ್ತದೆ. ಮೂರೂ ಒಂದೇ ವೇಗ, ಅಳೆಯುವ ಬಗೆ ಬೇರೆ. ಆಫ್ಟರ್‌ಬರ್ನರ್‌ನಲ್ಲಿ 400 ಸೇರಿಸಿದರೆ ಜಿಪಿಯು-ಝಡ್‌ನಲ್ಲಿ 100 ಮಾತ್ರ ಏರುತ್ತದೆ. ಅದನ್ನು ನೋಡಿ ಕಾಲು ಭಾಗವೇ ಹಿಡಿಯಿತೆಂದು ಹೆದರಬೇಕಿಲ್ಲ. ಕೋರ್ ಕ್ಲಾಕಿನಲ್ಲಿ ಇನ್ನೊಂದು ವಿಷಯ: 2060 ಸೇರಿರುವ ಟ್ಯೂರಿಂಗ್ ಪೀಳಿಗೆಯ ಕಾರ್ಡುಗಳು 15 ಮೆಗಾಹರ್ಟ್ಸ್ ಮೆಟ್ಟಿಲಿನಲ್ಲಿ ಮಾತ್ರ ಏರಿಳಿಯುತ್ತವೆ. 120ರಿಂದ 125ಕ್ಕೆ ಹೋದಾಗ ಏನೂ ಬದಲಾಗದಿದ್ದರೆ ಅದು ಸಹಜ. ಐದೈದು ಏರಿಸಿ ಪರೀಕ್ಷೆ ಮಾಡುವವರ ಸಮಯವೆಲ್ಲ ಹೀಗೇ ಹೋಗುತ್ತದೆ. ಹದಿನೈದರ ಮಗ್ಗಿಯಲ್ಲಿ ಏರಿಸಿ.

ಬಿಸಿಲಿಗೆ ಬರೋಣ. ನಮ್ಮೂರಿನಲ್ಲಿ ಏಪ್ರಿಲ್, ಮೇ ತಿಂಗಳೆಂದರೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕೂಲರ್‌ಗೆ ನೀರು ತುಂಬಿಸಿ ಕಿಟಕಿಗೆ ಹಚ್ಚಿದರೂ ಮಧ್ಯಾಹ್ನ ಕೋಣೆಯ ಗಾಳಿ ತಣ್ಣಗಾಗುವುದಿಲ್ಲ. ಡಿಸೆಂಬರಿನಲ್ಲಿ ಹಿಡಿದಿದ್ದ ಸೆಟಿಂಗ್ ಏಪ್ರಿಲ್‌ನಲ್ಲಿ ಹಿಡಿಯಲಿಲ್ಲ ಎಂದು ಈ ಭಾಗದ ಹುಡುಗರು ಹೇಳಿದರೆ ನಾನು ಪೂರ್ತಿ ನಂಬುತ್ತೇನೆ. ಎನ್‌ವಿಡಿಯಾ ಕಾರ್ಡುಗಳ ತಾಪದ ಗುರಿ ಸಾಮಾನ್ಯವಾಗಿ 83 ಡಿಗ್ರಿ ಎಂದಿರುತ್ತದೆ. 83 ಮುಟ್ಟುವವರೆಗೆ ತೊಂದರೆಯಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದಕ್ಕಿಂತ ಬಹಳ ಮೊದಲೇ, ತಾಪ ಏರುತ್ತಾ ಹೋದಂತೆ ಗೆರೆಯೇ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಸರಿಯುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ 1950 ಕಂಡದ್ದು, ರೆಂಡರ್ ಕಾವೇರಿದ ಮೇಲೆ 1905ಕ್ಕೆ ಬಂದಿದ್ದರೆ ಮೂರು ಮೆಟ್ಟಿಲು ಇಳಿದಿದೆ ಎಂದರ್ಥ. ಈ ಇಳಿತಕ್ಕೆ ‘ಥರ್ಮ್’ ಎಂಬ ಹಿಂಬರಹವೂ ಬರುವುದಿಲ್ಲ, ಏಕೆಂದರೆ ಮಿತಿ ಇನ್ನೂ ಮುಟ್ಟಿಲ್ಲ. ಕಾರ್ಡು ಸದ್ದಿಲ್ಲದೆ ಕೊಡುವ ಒಂದೇ ಉತ್ತರ ಇದು.

ನಾನು ಹಿಡಿದಿರುವ ದಾರಿ ವೋಲ್ಟೇಜ್ ಇಳಿಸುವುದು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಆ ಗೆರೆ ತೆರೆದುಕೊಳ್ಳುತ್ತದೆ. ಅಡ್ಡಕ್ಕೆ ಮಿಲಿವೋಲ್ಟ್, ಉದ್ದಕ್ಕೆ ಮೆಗಾಹರ್ಟ್ಸ್, ನಡುವೆ ಸಾಲಾಗಿ ಚೌಕದ ಬಿಂದುಗಳು. 900 ಮಿಲಿವೋಲ್ಟಿನ ಬಿಂದುವನ್ನು ಹಿಡಿದು 1830ಕ್ಕೆ ಎತ್ತುತ್ತೇನೆ. ಅದರ ಬಲಗಡೆಯ ಬಿಂದುಗಳನ್ನೆಲ್ಲ ಅದೇ ಎತ್ತರಕ್ಕೆ ತಂದು ಚಪ್ಪಟೆ ಮಾಡುತ್ತೇನೆ. ಈಗ ಕಾರ್ಡಿಗೆ 900ಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುವುದರಲ್ಲಿ ಲಾಭವೇ ಇಲ್ಲ, ಹಾಗಾಗಿ ಕೇಳುವುದಿಲ್ಲ. ಮೊದಲು 160 ವ್ಯಾಟ್ ಮುಟ್ಟಿ ಒದ್ದಾಡುತ್ತಿದ್ದ ಕಾರ್ಡು ಈಗ ಮಿತಿಯ ಕೆಳಗೇ ಉಳಿದು, ಅದೇ ವೇಗವನ್ನು ರೆಂಡರ್ ಮುಗಿಯುವವರೆಗೆ ಹಿಡಿದಿಡುತ್ತದೆ. ಫ್ಯಾನಿನ ಸದ್ದೂ ಇಳಿದಿದೆ. ಕಾಗದದ ಮೇಲೆ ಇದು ಓವರ್‌ಕ್ಲಾಕಿಂಗಿಗಿಂತ ಸಣ್ಣ ಅಂಕಿ. ಆದರೆ ಏಪ್ರಿಲ್ ಮಧ್ಯಾಹ್ನದಲ್ಲಿ ನಿಂತ 1830, ಬೆಳಿಗ್ಗೆ ಮಾತ್ರ ಕಾಣುವ 1950ಕ್ಕಿಂತ ನನ್ನ ಕೆಲಸವನ್ನು ಬೇಗ ಮುಗಿಸಿಕೊಡುತ್ತದೆ.

ಗೆರೆ ತಿದ್ದುವವರು ಮತ್ತೆ ಮತ್ತೆ ಹೇಳುವ ತಕರಾರು: “1830 ಇಟ್ಟೆ, ಅಪ್ಲೈ ಒತ್ತಿದ ಮೇಲೆ ನೋಡಿದರೆ ತಾನಾಗಿ 1815 ಆಗಿದೆ.” ಇದಕ್ಕೂ ಕಾರಣ ತಾಪವೇ. ಕಾರ್ಡು ತಣ್ಣಗಿದ್ದಾಗ ತೋರಿಸುವ ಗೆರೆ ಬೇರೆ, ಬಿಸಿಯಾದಾಗ ತೋರಿಸುವುದು ಬೇರೆ. ತಣ್ಣಗಿದ್ದಾಗ ತಿದ್ದಿ ಉಳಿಸಿದರೆ ಬಿಸಿಯಲ್ಲಿ ಒಂದೆರಡು ಮೆಟ್ಟಿಲು ಕೆಳಗೆ ಸಿಗುತ್ತದೆ. ಬಿಸಿಯಲ್ಲಿ ತಿದ್ದಿ ತಣ್ಣಗಿದ್ದಾಗ ಮತ್ತೆ ಲೋಡ್ ಮಾಡಿದರೆ ಮೇಲೆ ಹೋಗುತ್ತದೆ. ಎರಡನೆಯದು ಅಪಾಯ, ಏಕೆಂದರೆ ಪರೀಕ್ಷಿಸದ ವೇಗ ಅದು. ನಾನು ಮೊದಲು ರೆಂಡರ್ ಹಚ್ಚಿ, ಕಾರ್ಡು ಕಾಯಲು ಬಿಟ್ಟು, ತಾಪ ಒಂದು ಕಡೆ ನಿಂತ ಮೇಲೆ ಗೆರೆ ತಿದ್ದುತ್ತೇನೆ. ಆಮೇಲೆ ತಣಿಯಲು ಬಿಟ್ಟು, ತಣ್ಣಗಿರುವಾಗ ಸಿಗುವ ಮೇಲಿನ ವೇಗದಲ್ಲೂ ಚಿತ್ರ ಸರಿಯಾಗಿ ಬರುತ್ತದೆಯೇ ಎಂದು ನೋಡುತ್ತೇನೆ. ಎರಡೂ ಕಡೆ ನಿಂತರೆ ಮಾತ್ರ ಪ್ರೊಫೈಲಿನಲ್ಲಿ ಉಳಿಸುತ್ತೇನೆ.

ಅಳತೆಗೆ ನಾನು ಅಂಕಿಯನ್ನು ನಂಬುವುದಿಲ್ಲ, ಸಮಯವನ್ನು ನಂಬುತ್ತೇನೆ. ಒಂದು ಮನೆಯ ಒಂದೇ ಕೋನದ ಚಿತ್ರವನ್ನು ಅದಕ್ಕಾಗಿಯೇ ಇಟ್ಟುಕೊಂಡಿದ್ದೇನೆ; ಗಾಜಿನ ಬಾಲ್ಕನಿ, ಸ್ಟೀಲ್ ಕಂಬಿ, ಅಂಗಳದ ತುಂಬ ಕಲ್ಲಿನ ಹಾಸು. ಪ್ರತಿ ಸೆಟಿಂಗಿಗೂ ಅದನ್ನೇ ರೆಂಡರ್ ಮಾಡಿ ಬ್ಲೆಂಡರ್ ತೋರಿಸುವ ಸಮಯವನ್ನು ಬರೆದುಕೊಳ್ಳುತ್ತೇನೆ. ಮೆಮೊರಿಯ ವಿಷಯದಲ್ಲಿ ಇದು ಕಡ್ಡಾಯ ಎನ್ನುತ್ತೇನೆ. ಜಿಡಿಡಿಆರ್5 ಮಾದರಿಯ ಮೆಮೊರಿ ಬಂದ ಕಾಲದಿಂದಲೂ ಸಾಗಣೆಯಲ್ಲಾದ ತಪ್ಪನ್ನು ಪತ್ತೆಹಚ್ಚಿ ಮತ್ತೆ ಕಳಿಸುವ ವ್ಯವಸ್ಥೆ ಬಂದಿದೆ. ಅತಿಯಾಗಿ ಏರಿಸಿದರೆ ಪರದೆಯ ಮೇಲೆ ಚುಕ್ಕೆಗಳು ಬರುವುದಕ್ಕೆ ಬದಲು ಕಾರ್ಡು ಕಳಿಸಿದ್ದನ್ನೇ ಮತ್ತೆ ಕಳಿಸುತ್ತಾ ಕೂರಬಹುದು. ಅಂಕಿ ಏರಿರುತ್ತದೆ, ಕೆಲಸ ನಿಧಾನವಾಗಿರುತ್ತದೆ. ಹಿಡಿದಂತೆ ಕಾಣುವ, ಆದರೆ ಹಿಡಿಯದ ಸೆಟಿಂಗ್ ಇದು, ಗಡಿಯಾರ ಇಟ್ಟು ನೋಡದವರಿಗೆ ಗೊತ್ತೇ ಆಗುವುದಿಲ್ಲ.

ರಾತ್ರಿ ಇಟ್ಟದ್ದು ಬೆಳಿಗ್ಗೆ ಇರುವುದಿಲ್ಲ ಎಂಬ ದೂರಿಗೆ ಬೇರೆ ಕಾರಣಗಳಿವೆ. ಅಪ್ಲೈ ಒತ್ತುವುದೇ ಬೇರೆ, ಕಂಪ್ಯೂಟರ್ ಶುರುವಾದಾಗ ಹಚ್ಚು ಎಂದು ಹೇಳುವುದೇ ಬೇರೆ. ಆಫ್ಟರ್‌ಬರ್ನರ್‌ನಲ್ಲಿ ಅದಕ್ಕೆ ವಿಂಡೋಸ್ ಗುರುತಿನ ಪ್ರತ್ಯೇಕ ಗುಂಡಿಯಿದೆ. ಅದನ್ನೂ ಒತ್ತಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ನೋಡಿ. ಅದು ಆನ್ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಆರಿಸುವುದಲ್ಲ. ವಿಂಡೋಸಿನ ಒಳಭಾಗ, ಡ್ರೈವರ್ ಸಮೇತ, ಡಿಸ್ಕಿನಲ್ಲಿ ಉಳಿದು ಮಾರನೆಯ ದಿನ ಅಲ್ಲಿಂದಲೇ ಎದ್ದು ಬರುತ್ತದೆ. ಹಳೆಯ ಸ್ಥಿತಿಯ ಮೇಲೆ ಹೊಸ ಸೆಟಿಂಗ್ ಸರಿಯಾಗಿ ಕೂರದೇ ಹೋಗಬಹುದು. ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ, ಶಟ್‌ಡೌನ್ ಮಾಡಿ ಹಚ್ಚಿದರೆ ಆಗುವುದಿಲ್ಲ ಎಂದಾದರೆ ಅನುಮಾನವೇ ಬೇಡ, ಅದನ್ನು ಆರಿಸಿ. ಎಎಂಡಿ ಕಂಪನಿಯ ಕಾರ್ಡು ಇರುವವರಿಗೆ ಇನ್ನೊಂದು: ಕರೆಂಟು ಹೋಗಿ ಕಂಪ್ಯೂಟರ್ ತಟಕ್ಕನೆ ಆರಿದರೆ ಎಎಂಡಿ ತಂತ್ರಾಂಶ ಅದನ್ನು ವ್ಯವಸ್ಥೆಯ ಕುಸಿತವೆಂದು ಭಾವಿಸಿ, ನಿಮ್ಮ ಟ್ಯೂನಿಂಗ್ ಅಳಿಸಿ ಮೂಲಸ್ಥಿತಿಗೆ ತರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟಿನ ಸ್ಥಿತಿ ಗೊತ್ತೇ ಇದೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕೆಲಸದ ನಡುವೆಯೇ ಸೆಟಿಂಗ್ ಮಾಯವಾದರೆ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು 4101 ಸಂಖ್ಯೆಯ ದಾಖಲೆ ಇದೆಯೇ ನೋಡಿ. ಕಾರ್ಡು 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಮತ್ತೆ ಎಬ್ಬಿಸುತ್ತದೆ. ಅದರ ಗುರುತು ಈ ದಾಖಲೆ. ಪರದೆ ಒಮ್ಮೆ ಮಿಣುಕಿ ಎಲ್ಲ ಸರಿಹೋದಂತೆ ಕಾಣುತ್ತದೆ, ಆದರೆ ನೀವು ಸೇರಿಸಿದ್ದು ಹೋಗಿರಬಹುದು. ಅಂದರೆ ಆ ವೇಗವನ್ನು ಕಾರ್ಡು ತಾಳಲಿಲ್ಲ. ಎರಡೆರಡು ಟ್ಯೂನಿಂಗ್ ತಂತ್ರಾಂಶಗಳನ್ನು ಒಟ್ಟಿಗೆ ಇಟ್ಟುಕೊಳ್ಳಲೂ ಬಾರದು. ಕಾರ್ಡಿನ ಕಂಪನಿಯದೊಂದು, ಆಫ್ಟರ್‌ಬರ್ನರ್ ಒಂದು, ಡ್ರೈವರಿನೊಳಗಿನ ಸ್ವಯಂ ಟ್ಯೂನಿಂಗ್ ಮತ್ತೊಂದು ಇದ್ದರೆ ಕೊನೆಗೆ ಬರೆದವರದ್ದೇ ಉಳಿಯುತ್ತದೆ. ಒಂದನ್ನು ಇಟ್ಟುಕೊಂಡು ಉಳಿದವನ್ನು ತೆಗೆದುಹಾಕಿ.

ಲ್ಯಾಪ್‌ಟಾಪ್ ಬೇರೆಯೇ ಲೋಕ. ಅಕ್ಕನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಆರ್‌ಟಿಎಕ್ಸ್ 3060 ಇರುವ ಲ್ಯಾಪ್‌ಟಾಪ್ ಅವನದು. ಒಂದು ಸಂಜೆ ಫೋನ್ ಮಾಡಿ, “ಮಾಮಾ, ಪವರ್ ಲಿಮಿಟ್ ಸ್ಲೈಡರ್ ಮಸುಕಾಗಿದೆ, ಎಳೆಯಲು ಬರುತ್ತಲೇ ಇಲ್ಲ. ಕೋರ್‌ಗೆ 200 ಇಟ್ಟರೂ ಏನೂ ಆಗುವುದಿಲ್ಲ” ಎಂದ.

“ಚಾರ್ಜರ್ ಹಾಕಿದ್ದೀಯೇನಪ್ಪಾ?”

“ಹಾಕಿದ್ದೇನೆ.”

“ಆಫ್ಟರ್‌ಬರ್ನರ್‌ನಲ್ಲಿ ಯಾವ ಕಾರ್ಡಿನ ಹೆಸರು ಕಾಣುತ್ತಿದೆ, ಓದು.”

ಓದಿದ. ಅದು ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್. ಲ್ಯಾಪ್‌ಟಾಪಿನಲ್ಲಿ ಎರಡು ಜಿಪಿಯು ಇರುವುದರಿಂದ ಪಟ್ಟಿಯಲ್ಲಿ ಬೇರೆಯದು ಆಯ್ಕೆಯಾಗಿರುವುದು ಸಾಮಾನ್ಯ. ಅದನ್ನು ಬದಲಿಸಿದ ಮೇಲೆ 200 ಕೆಲಸ ಮಾಡಿತು, ಪವರ್ ಲಿಮಿಟ್ ಮಾತ್ರ ಮಸುಕಾಗಿಯೇ ಉಳಿಯಿತು. ಅದು ಹಾಗೆಯೇ ಇರುತ್ತದೆ ಎಂದು ಅವನಿಗೆ ವಿವರಿಸಿದೆ. ‘3060 ಲ್ಯಾಪ್‌ಟಾಪ್’ ಎಂಬ ಒಂದೇ ಹೆಸರಿನಲ್ಲಿ 60 ವ್ಯಾಟಿನಿಂದ 115 ವ್ಯಾಟಿನವರೆಗಿನ ಕಾರ್ಡುಗಳು ಮಾರಾಟವಾಗಿವೆ. ಎಷ್ಟು ಎಂಬುದನ್ನು ಲ್ಯಾಪ್‌ಟಾಪ್ ಕಂಪನಿ ತನ್ನ ಕೂಲಿಂಗ್ ವ್ಯವಸ್ಥೆಗೆ ತಕ್ಕಂತೆ ಗೊತ್ತುಮಾಡಿ ಬೀಗ ಹಾಕುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ ಇನ್‌ಫರ್ಮೇಷನ್ ಪುಟದಲ್ಲಿ ಗರಿಷ್ಠ ವ್ಯಾಟ್ ಬರೆದಿರುತ್ತದೆ. ಅವನ ಲ್ಯಾಪ್‌ಟಾಪನ್ನು ಸೈಲೆಂಟ್ ಮೋಡಿನಿಂದ ಪರ್ಫಾರ್ಮೆನ್ಸ್ ಮೋಡಿಗೆ ತಂದದ್ದೇ ಆ 200ಕ್ಕಿಂತ ಹೆಚ್ಚಿನ ಫಲ ಕೊಟ್ಟಿತು.

ಡ್ರೈವರೇ ಬಾಗಿಲು ಮುಚ್ಚುವುದೂ ಉಂಟು. 2015ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ಹೊಸ ಡ್ರೈವರಿನಲ್ಲಿ 900 ಸರಣಿಯ ಲ್ಯಾಪ್‌ಟಾಪ್ ಕಾರ್ಡುಗಳ ಓವರ್‌ಕ್ಲಾಕಿಂಗನ್ನು ತೆಗೆದುಹಾಕಿತ್ತು. ಬಳಕೆದಾರರು ದೊಡ್ಡ ಮಟ್ಟದಲ್ಲಿ ವಿರೋಧಿಸಿದ ಮೇಲೆ ಮತ್ತೆ ಕೊಡುವುದಾಗಿ ಹೇಳಿತು. ಡ್ರೈವರ್ ಬದಲಿಸಿದ ದಿನದಿಂದಲೇ ಸೆಟಿಂಗ್ ಹಿಡಿಯುತ್ತಿಲ್ಲವಾದರೆ ಹಿಂದಿನ ಡ್ರೈವರ್ ಹಾಕಿ ನೋಡಲು ಹಿಂಜರಿಯಬೇಕಿಲ್ಲ.

ಕೊನೆಯದಾಗಿ ಹುಬ್ಬಳ್ಳಿಯ ಗೆಳೆಯನ ಕಾರ್ಡು. ಮೂರು ಪದರದಲ್ಲಿ ಮಾತು ಕೇಳದೆ ಹೋದ ಕಾರ್ಡು ಅದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ವ್ಯವಸ್ಥೆ ಬದಲಿಸಿ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್‌ಗೆ (ಕಾರ್ಡಿನಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದಕ್ಕೆ) ವಿದಾಯ ಹೇಳಿತಲ್ಲ, ಆಮೇಲೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಅವನು ಎಎಂಡಿಯ ಆರ್‌ಎಕ್ಸ್ 580 ಒಂದನ್ನು ಸೆಕೆಂಡ್ ಹ್ಯಾಂಡಾಗಿ ತಂದಿದ್ದ. ಅವನು ಓಡಿಸುವುದು ವಿಂಡೋಸ್ ಅಲ್ಲ, ಲಿನಕ್ಸ್. ಅಲ್ಲಿ ಎಎಂಡಿ ಕಾರ್ಡಿನ ವೇಗ, ವೋಲ್ಟೇಜುಗಳೆಲ್ಲ ಒಂದು ಪಠ್ಯ ಫೈಲಿನಂತೆ ಕಾಣುತ್ತವೆ. ಆದರೆ ಆ ಫೈಲೇ ಅವನಿಗೆ ಸಿಗಲಿಲ್ಲ. ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಬೂಟ್ ಆಗುವಾಗ ಪಿಪಿ ಫೀಚರ್ ಮಾಸ್ಕ್ ಎಂಬ ಅಂಕಿಯ ಮೂಲಕ ಓವರ್‌ಡ್ರೈವ್ (ವೇಗ ತಿದ್ದುವ ಸೌಲಭ್ಯ) ಬೇಕೆಂದು ಹೇಳಿದರೆ ಮಾತ್ರ ಅದು ಹುಟ್ಟುತ್ತದೆ. ಹೇಳಿದ ಮೇಲೆ ಹುಟ್ಟಿತು. ಎಂಟು ಹಂತಗಳ ಪಟ್ಟಿ, ಸೊನ್ನೆಯಿಂದ ಏಳರವರೆಗೆ. ಏಳನೆಯ ಹಂತಕ್ಕೆ 1340 ಎಂದು ಬರೆದ. ಫೈಲ್ ತೆರೆದರೆ 1340 ಕಾಣುತ್ತದೆ, ಕಾರ್ಡು ಓಡುತ್ತಿರುವುದು ಹಳೆಯ ವೇಗದಲ್ಲೇ. ಬರೆದದ್ದನ್ನು ಜಾರಿಗೆ ತರಲು ‘ಸಿ’ ಎಂಬ ಒಂದಕ್ಷರವನ್ನು ಅದೇ ಫೈಲಿಗೆ ಬೇರೆಯಾಗಿ ಕಳಿಸಬೇಕು. ಅದಿಲ್ಲದೆ ಅದು ಬರೀ ಕರಡು.

‘ಸಿ’ ಕಳಿಸಿದ. 1340 ಬಂತು, ಭಾರ ಬಿದ್ದ ಕೂಡಲೇ ಮತ್ತೆ ಕುಸಿಯಿತು. ವಿದ್ಯುತ್ ಮಿತಿಯ ಫೈಲು ನೋಡು ಎಂದೆ. ಈಗಿರುವ ಮಿತಿ ಮಾತ್ರವಲ್ಲ, ಏರಿಸಬಹುದಾದ ಗರಿಷ್ಠ ಮಿತಿಯೇ ಆ ಕಾರ್ಡಿಗೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆಯಿತ್ತು. ಅದನ್ನು ಬರೆದಿರುವುದು ಬಯಾಸ್. ಮೈನಿಂಗ್ ಮಾಡುವವರು ಈ ಪೀಳಿಗೆಯ ಕಾರ್ಡುಗಳ ಬಯಾಸ್ ತಿದ್ದಿ, ಕೋರ್ ವೇಗವನ್ನೂ ವಿದ್ಯುತ್ತನ್ನೂ ಇಳಿಸಿ, ಮೆಮೊರಿಯ ಟೈಮಿಂಗ್ ಬಿಗಿ ಮಾಡುತ್ತಿದ್ದರು. ಅವರ ಕೆಲಸಕ್ಕೆ ಅದೇ ಸರಿ. ವಿಂಡೋಸಿನಲ್ಲಾಗಿದ್ದರೆ ಹೀಗೆ ತಿದ್ದಿದ ಬಯಾಸನ್ನು ಎಎಂಡಿ ಡ್ರೈವರ್ ಒಪ್ಪುವುದೇ ಇಲ್ಲ, ಮೊದಲ ದಿನವೇ ಗೊತ್ತಾಗಿಬಿಡುತ್ತಿತ್ತು. ಲಿನಕ್ಸ್ ಒಪ್ಪಿಕೊಂಡಿತ್ತು.

ಕಾರ್ಡಿನ ಮೇಲಂಚಿನಲ್ಲಿ, ವಿದ್ಯುತ್ ತಂತಿ ಸಿಕ್ಕಿಸುವ ಜಾಗದ ಕಡೆಗೆ ಒಂದು ಸಣ್ಣ ಸ್ವಿಚ್ ಇದೆಯೇ ನೋಡಲು ಹೇಳಿದೆ. ಆ ಕಾಲದ ಹಲವು ಕಾರ್ಡುಗಳಲ್ಲಿ ಎರಡು ಬಯಾಸ್ ಇರುತ್ತಿದ್ದವು. ಇತ್ತು. ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಉಗುರಿನಿಂದ ಅದನ್ನು ಆಚೆ ಬದಿಗೆ ತಳ್ಳಿ ಹಚ್ಚಿದ. ಆ ಬದಿಯ ಬಯಾಸನ್ನು ಯಾರೂ ಮುಟ್ಟಿರಲಿಲ್ಲ. ವಿದ್ಯುತ್ ಮಿತಿ ತನ್ನ ಮೂಲ ಅಂಕಿಗೆ ಬಂತು, 1340 ಏನೂ ಬರೆಯದೆಯೇ ಸಿಕ್ಕಿತು, ಭಾರದಲ್ಲೂ ನಿಂತಿತು. ಈಗ ಅವನು ಮೇಲಿನ ಹಂತದ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಪ್ರತಿಸಲ ‘ಸಿ’ ಕಳಿಸಿ, ಎಲ್ಲಿಯವರೆಗೆ ಕಾರ್ಡು ತಡೆಯುತ್ತದೆ ಎಂದು ನೋಡುತ್ತಿದ್ದಾನೆ.